ಆರು ನಿಮಿಷ ನಡೆದವಳ ಏಳನೇ ನಿಮಿಷ

ಮಾನ್ಯ ಸ್ಕ್ಯಾನಿಂಗ್ ಅನುಮೋದನೆ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ತಂಗಿ ಚೆನ್ನಾಗಿ ನಡೆಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಅವಳ ಹೃದಯದ ಎಂಆರ್‌ಐ ಕೋರಿಕೆಯನ್ನು ನೀವು ಎರಡನೇ ಬಾರಿ ತಳ್ಳಿಹಾಕಿದ್ದೀರಿ. "ರೋಗಿಯ ನಡಿಗೆ ತೃಪ್ತಿಕರವಾಗಿದೆ, ಸ್ಕ್ಯಾನ್ ಅನಗತ್ಯ" ಎಂದು ನಿಮ್ಮ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂದಿದೆ. ತೃಪ್ತಿ ಯಾರಿಗಾಯಿತು ಸ್ವಾಮಿ? ನನಗಾಗಿಲ್ಲ. ಅವಳ ಡಾಕ್ಟರಿಗೆ ಆಗಿಲ್ಲ. ಅವಳ ಹೃದಯವನ್ನಂತೂ ಯಾರೂ ಕೇಳಿಲ್ಲ. ನಿಮ್ಮ ಮೇಜಿನ ಮೇಲೆ ಕಾಗದಗಳು ಎಷ್ಟು ಸುಖವಾಗಿ ನಿದ್ದೆ ಹೋಗುತ್ತವೆ ಎಂಬುದನ್ನು ಕಂಡು ಸಾಕಾಗಿದೆ. ಅದಕ್ಕೇ ಈ ಪತ್ರವನ್ನು ನಿಮಗೆ ಕಳಿಸದೆ ನಾಲ್ಕು ಜನ ಓದುವ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ದರ್ಜಿ. ತಂಗಿಯದು ಅಂಚೆ ಹಂಚುವ ಕೆಲಸ. ಹೆಗಲಿಗೆ ಚೀಲ ಏರಿಸಿ ಹೊರಟಳೆಂದರೆ ಬೀದಿಯ ನಾಯಿಗಳೂ ಬೊಗಳುವುದು ಮರೆತು ದಾರಿ ಬಿಡುತ್ತಿದ್ದವು. ಜನ ಅವಳನ್ನು ಕರೆಯುತ್ತಿದ್ದದ್ದೇ ಬಿರುಗಾಳಿ ಎಂದು. ಆ ಬಿರುಗಾಳಿ ಒಂದು ದಿನ ಯಾರದೋ ಮನೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಳು. ಪರೀಕ್ಷೆಗಳ ಮೇಲೆ ಪರೀಕ್ಷೆ ಆಗಿ, ಕೊನೆಗೆ ಕತ್ತಿನ ನಾಳದಿಂದ ಹೃದಯದವರೆಗೆ ಸಣ್ಣ ನಳಿಕೆ ಇಳಿಸಿ ನೋಡಿದ ಮೇಲೆ ಕಾಯಿಲೆಯ ಹೆಸರು ಗೊತ್ತಾಯಿತು: ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್. ಶ್ವಾಸಕೋಶದ ರಕ್ತನಾಳಗಳು ಕಿರಿದಾಗಿ ಅಲ್ಲಿ ಒತ್ತಡ ಏರುತ್ತದೆ. ಆ ಒತ್ತಡದ ಎದುರು ರಕ್ತ ನೂಕಿ ನೂಕಿ ಹೃದಯದ ಬಲಗಡೆಯ ಕೋಣೆ ದಣಿಯುತ್ತದೆ, ಹಿಗ್ಗುತ್ತದೆ, ಕೊನೆಗೆ ಕೈಚೆಲ್ಲುತ್ತದೆ. ಈ ಕಾಯಿಲೆಯವರ ಜೀವ ಬಹುಪಾಲು ಆ ಬಲಗೋಣೆಯ ಕೈಯಲ್ಲಿದೆ ಎಂದು ನಾವು ಡಾಕ್ಟರಮ್ಮ ಎಂದು ಕರೆಯುವ ಅವಳ ಹೃದಯತಜ್ಞೆ ಅಂದೇ ಹೇಳಿದ್ದರು.

ಆಗ ನಿಮ್ಮ ಹೊಸ ನಿಯಮ ಹುಟ್ಟಿರಲಿಲ್ಲ. ಹಾಗಾಗಿ ಮೊದಲ ಎಂಆರ್‌ಐ ತಕರಾರಿಲ್ಲದೆ ಆಯಿತು. ಡಾಕ್ಟರಮ್ಮ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಬಲಗೋಣೆ ಎಷ್ಟು ಹಿಗ್ಗಿದೆ, ಒಂದೊಂದು ಬಡಿತಕ್ಕೆ ಎಷ್ಟು ರಕ್ತ ಹೊರಹಾಕುತ್ತಿದೆ, ಎಲ್ಲ ಅಳತೆ ಅಲ್ಲಿತ್ತು. "ಮಾತ್ರೆ ಶುರು ಮಾಡೋಣ. ಆಮೇಲೆ ಇದೇ ಸ್ಕ್ಯಾನ್ ಮತ್ತೆ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕೋಣೆ ಕುಗ್ಗಿದ್ರೆ ಮಾತ್ರೆ ಸಾಕು. ಇನ್ನೂ ಹಿಗ್ಗಿದ್ರೆ ಕಾಯೋ ಹಾಗಿಲ್ಲ, ಪಂಪಿನಲ್ಲಿ ಸದಾ ಒಳಗೆ ಹೋಗೋ ಔಷಧಿಗೆ ಬದಲಾಯಿಸಬೇಕು" ಎಂದರು. ನನ್ನಂಥವಳಿಗೂ ಅರ್ಥವಾಯಿತು. ಅರ್ಥವಾಗದಿದ್ದದ್ದು ನಿಮ್ಮ ವಿಭಾಗಕ್ಕೆ ಮಾತ್ರ.

ಈಗ ನಿಮ್ಮ ನಿಯಮಕ್ಕೆ ಬರೋಣ. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ರೋಗಿಯನ್ನು ಆರು ನಿಮಿಷ ನಡೆಸಬೇಕು. ಸಾಕಷ್ಟು ದೂರ ನಡೆದರೆ ಎರಡನೇ ಎಂಆರ್‌ಐ ಇಲ್ಲ. ಆಹಾ, ಎಂಥ ಜಾಣತನ! ಇಪ್ಪತ್ತು ವರ್ಷ ಬೀದಿ ಬೀದಿ ನಡೆದೇ ಅನ್ನ ದುಡಿದವಳಿಗೆ ನಡಿಗೆಯ ಪರೀಕ್ಷೆ ಇಟ್ಟಿದ್ದೀರಿ. ಮೀನಿಗೆ ಈಜಿನ ಪರೀಕ್ಷೆ ಇಟ್ಟು ಅದರ ಆರೋಗ್ಯಕ್ಕೆ ಸರ್ಟಿಫಿಕೇಟು ಬರೆದ ಹಾಗಾಯಿತು. ಅದೂ ಎಂಥ ಜಾಗದಲ್ಲಿ? ಎರಡೂ ಕಡೆ ಬೆಂಚುಗಳ ಮೇಲೆ ಕಾದು ಕೂತ ಜನರ ಕಣ್ಣೆದುರು. ನಾಲ್ಕು ಜನರ ಮುಂದೆ ಇವಳು ಸೋತಾಳೆಯೇ? ಅಂಚೆಯ ಬೂಟು ಹಾಕಿ, ನನ್ನಿಂದ ಲೇಸು ಬಿಗಿಸಿಕೊಂಡು, ನೆಲದ ಮೇಲಿನ ಒಂದು ಗುರುತಿನಿಂದ ಇನ್ನೊಂದಕ್ಕೆ ಸರಸರನೆ ನಡೆದಳು. ಬೆಂಚಿನ ಮೇಲಿದ್ದ ಒಬ್ಬ ಅಜ್ಜ "ಭೇಷ್ ಮಗಳೇ!" ಎಂದು ಚಪ್ಪಾಳೆ ಬೇರೆ ತಟ್ಟಿದರು. ಸುಸ್ತಾಯಿತೇ ಎಂದು ಟೆಕ್ನಿಷಿಯನ್ ಕೇಳಿದರೆ, "ಇಷ್ಟಕ್ಕೆಲ್ಲಾ ಸುಸ್ತಾಗುತ್ತಾ?" ಎಂದು ನಕ್ಕಳು. ಸರಿ, ನಿಮಗೆ ಬೇಕಾದ ದೂರ ಸಿಕ್ಕಿತು.

ಆಮೇಲೆ ಏನಾಯಿತು ಎಂದು ಯಾರಾದರೂ ನೋಡಿದಿರಾ? ಅವಳು ನಗುತ್ತಲೇ ಓಣಿಯ ತಿರುವು ದಾಟಿ, ಕೈತೊಳೆಯುವ ಕೋಣೆಗೆ ಹೋಗಿ, ಬೇಸಿನ್ನಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ತುಟಿ ನೀಲಿ. ಮಾತಿಗೆ ಉಸಿರಿಲ್ಲ. ನಲ್ಲಿ ತಿರುಗಿಸಿ ನೀರು ಬಿಟ್ಟಳು, ಏದುಸಿರು ಹೊರಗೆ ಕೇಳಬಾರದಲ್ಲ! ಕೂರಿಸಿ ನಾನೇ ಬೂಟಿನ ಲೇಸು ಬಿಚ್ಚಿದೆ. ಈಗ ಅವಳಿಗೆ ಬಗ್ಗಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ದಿನಾ ಲೇಸು ಕಟ್ಟುವವಳೂ ಬಿಚ್ಚುವವಳೂ ನಾನೇ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಅಹಂಕಾರ ಅವಳದು, ತಪ್ಪು ನಮ್ಮದು ಹೇಗಾಗುತ್ತದೆ ಎಂದು ನೀವು ಕೇಳಬಹುದು. ಹೌದು, ಅವಳಿಗೆ ಹಮ್ಮು ಇದೆ. ಕಾಯಿಲೆ ಬಂದವರು ಹಮ್ಮನ್ನು ಬಾಗಿಲಾಚೆ ಬಿಚ್ಚಿಟ್ಟು ಬರಬೇಕೆಂದು ನಿಮ್ಮ ನಿಯಮದಲ್ಲಿ ಬರೆದಿದೆಯೇ? ಹಮ್ಮು ಇರುವವರ ಹೃದಯದ ಒಳಗನ್ನೂ ಕಾಣುವ ಯಂತ್ರ ನೆಲಮಹಡಿಯಲ್ಲೇ ಇರುವಾಗ ಅವರ ಕಾಲನ್ನೇ ಏಕೆ ನಂಬುತ್ತೀರಿ? ನಡಿಗೆಯ ಪರೀಕ್ಷೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ, ಡಾಕ್ಟರಮ್ಮನೂ ಹೇಳುವುದಿಲ್ಲ. ಅದೊಂದೇ ಸಾಕು ಎನ್ನುವ ನಿಮ್ಮ ಧೈರ್ಯಕ್ಕೆ ಮಾತ್ರ ಕೈಮುಗಿಯಬೇಕು. ಗಿರಾಕಿ ಅಂಗಡಿಗೆ ನಡೆದು ಬಂದ ಗತ್ತು ನೋಡಿ ನಾನು ಕೋಟು ಹೊಲಿದರೆ ಮರುದಿನವೇ ಅಂಗಡಿ ಮುಚ್ಚಬೇಕಾಗುತ್ತದೆ.

ಎದೆಯ ಮೇಲೆ ಉಪಕರಣ ಆಡಿಸಿ ಶಬ್ದದ ಅಲೆಗಳಿಂದ ಹೃದಯ ನೋಡುವ ಎಕೋ ಇದೆಯಲ್ಲ ಎಂದಿರಿ. ಎಕೋ ಮಾಡಿದವರೇ "ಬಲಭಾಗ ಸ್ಪಷ್ಟವಾಗಿ ಕಾಣುತ್ತಿಲ್ಲ" ಎಂದು ಬರೆದುಕೊಟ್ಟಿದ್ದಾರೆ. ಆ ಕೋಣೆಯ ಆಕಾರವೇ ಅಂಥದ್ದು, ಎದೆಮೂಳೆಯ ಹಿಂದೆ ಅಡಗಿ ಕೂತಿರುತ್ತದೆ. ಕಾಣುವುದಿಲ್ಲ ಎಂದು ಬರೆದದ್ದನ್ನು ನೀವು ತೊಂದರೆ ಇಲ್ಲ ಎಂದು ಓದಿಕೊಂಡಿರಿ. ನಿಜವಾದ ಕಾರಣ ಏನೆಂದು ನಿಮ್ಮ ಕೌಂಟರಿನಲ್ಲೇ ತಿಳಿಯಿತು. ಅಲ್ಲಿನ ಗುಮಾಸ್ತರೊಬ್ಬರು, "ಅಮ್ಮಾ, ಒಂದು ಹೃದಯ ಸ್ಕ್ಯಾನ್ ಮಾಡೋ ಹೊತ್ತಿಗೆ ಮೂರು ಮೊಣಕಾಲು ಮುಗಿಯುತ್ತೆ. ಮೇಲಿನವರಿಗೆ ಸಂಖ್ಯೆ ಬೇಕು" ಎಂದರು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಾನು ಹೇಳಿದೆ ಅಂತ ಬಾಯಿಬಿಡಬೇಡಿ. ಮುಂದಿನ ಸಲ ನಿಧಾನಕ್ಕೆ ನಡೆಯೋಕೆ ಹೇಳಿ. ಮಧ್ಯೆ ಒಂದ್ಸಲ ಗೋಡೆ ಹಿಡಿದು ನಿಂತ್ರಂತೂ ಇನ್ನೂ ಒಳ್ಳೇದು. ಸ್ಕ್ಯಾನ್ ತಾನಾಗೇ ಪಾಸಾಗುತ್ತೆ." ದಯವಿಟ್ಟು ಅವರನ್ನು ಹುಡುಕಲು ಹೋಗಬೇಡಿ. ನಿಮ್ಮ ಇಡೀ ವಿಭಾಗದಲ್ಲಿ ನಮಗೆ ಕರುಣೆ ತೋರಿಸಿದ ಜೀವ ಅದೊಂದೇ.

ಮನೆಗೆ ಬಂದು ಹೇಳಿದೆ. ತಂಗಿ ದಿಂಬಿಗೆ ಒರಗಿದ್ದವಳು ಎದ್ದು ಕೂತಳು.

"ನಾಟಕ ಆಡ್ಬೇಕಾ ನಾನು?"

"ಒಂದೇ ಸಲ ಕಣೇ. ನಿನ್ನ ಜೀವ ಉಳಿಯೋದು ಮುಖ್ಯ, ನಿನ್ನ ಜಂಬ ಅಲ್ಲ."

"ಅಕ್ಕಾ, ನನಗಿರೋದು ನಿಜವಾದ ಕಾಯಿಲೆ. ಅದಕ್ಕೆ ಸುಳ್ಳು ಸಾಕ್ಷಿ ಯಾಕೆ ಕೊಡ್ಲಿ?"

ಈ ಪ್ರಶ್ನೆಗೆ ನೀವೇ ಉತ್ತರ ಹೇಳಿ. ನಿಜ ಹೇಳುವ ರೋಗಿಗೆ ಬಾಗಿಲು ಮುಚ್ಚಿ, ಕುಂಟುವ ನಾಟಕ ಆಡಿದವರಿಗೆ ಮಾತ್ರ ತೆರೆಯುವ ನಿಯಮವನ್ನು ಯಾವ ಬಾಯಲ್ಲಿ ಸಮರ್ಥಿಸುತ್ತೀರಿ? ನೀವು ದೂರ ಅಳೆಯುತ್ತಾ ಕೂತಿರುವ ಹೊತ್ತಿಗೆ ಒಳಗೆ ಆ ಕೋಣೆ ಇನ್ನಷ್ಟು ಹಿಗ್ಗುತ್ತಿದ್ದರೆ? ಕಾಲು ಸೋತ ಮೇಲೆ ಸ್ಕ್ಯಾನ್ ಮಾಡಿಸಿ ಏನು ಮಾಡಲಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲೇ?

ಹಾಗಾಗಿ ಕೇಳಿ. ಇದು ಬೇಡಿಕೆ, ಬಿನ್ನಹವಲ್ಲ. ನನ್ನ ತಂಗಿಯ ಎಂಆರ್‌ಐಗೆ ಈಗಲೇ ಒಪ್ಪಿಗೆ ಕೊಡಿ. ನಡಿಗೆ ಚೆನ್ನಾಗಿದ್ದರೆ ಸ್ಕ್ಯಾನ್ ಇಲ್ಲ ಎಂಬ ನಿಯಮವನ್ನು ಕಿತ್ತುಹಾಕಿ. ಯಾರಿಗೆ ಯಾವಾಗ ಬೇಕು ಎಂಬುದನ್ನು ಡಾಕ್ಟರು ಹೇಳಲಿ. ಆ ಯಂತ್ರದ ಮುಂದೆ ಇಂಥ ಹೃದಯಗಳಿಗೂ ಪ್ರತಿವಾರ ಒಂದಿಷ್ಟು ಹೊತ್ತು ಮೀಸಲಿಡಿ. ಮೊಣಕಾಲುಗಳ ಮೇಲೆ ನನಗೆ ದ್ವೇಷವಿಲ್ಲ, ಅವೂ ಬದುಕಲಿ.

ಸೋಮವಾರ ಬೆಳಿಗ್ಗೆ ಅವಳಿಗೆ ಮತ್ತೆ ನಡಿಗೆ ಪರೀಕ್ಷೆ. ಬರುತ್ತಾಳೆ. ಅದೇ ಬೂಟು, ಅದೇ ಬಿರುಸು, ಒಂದು ಹೆಜ್ಜೆಯನ್ನೂ ಕಡಿಮೆ ಮಾಡುವುದಿಲ್ಲ. ಆದರೆ ಈ ಸಲ ಕೈತೊಳೆಯುವ ಕೋಣೆಗೆ ಹೋಗಿ ಅಡಗುವುದಿಲ್ಲ. ಅದೊಂದಕ್ಕೆ ಅವಳನ್ನು ಒಪ್ಪಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. "ಆಗಲಿ ಬಿಡು, ಎಲ್ಲರ ಮುಂದೇನೇ ಕೂತ್ಕೋತೀನಿ. ನೋಡ್ಲಿ" ಎಂದಳು, ಮುಖ ಗೋಡೆಯ ಕಡೆ ತಿರುಗಿಸಿಕೊಂಡು. ಅವಳು ಓಣಿಯ ಬೆಂಚಿನ ಮೇಲೆ ಕೂರುತ್ತಾಳೆ. ಪಕ್ಕದ ಜಾಗವನ್ನು ನಿಮಗಾಗಿ ಹಿಡಿದಿಟ್ಟಿರುತ್ತೇನೆ. ಆರು ನಿಮಿಷದ ಲೆಕ್ಕ ನಿಮ್ಮ ಬಳಿ ಇದ್ದೇ ಇದೆ. ಬಂದು ಏಳನೆಯದನ್ನು ನೋಡಿ.

ಇಂತಿ,
ಆ ಏಳನೇ ನಿಮಿಷದಲ್ಲಿ ನೆಲಕ್ಕೆ ಕೂತು ಅವಳ ಬೂಟಿನ ಲೇಸು ಬಿಚ್ಚುವವಳು,
ಅವಳ ಅಕ್ಕ