ನನ್ನ ಅಂಚೆಯನ್ನು ದಯವಿಟ್ಟು ತಲುಪಿಸಬೇಡಿ

ಮಾನ್ಯ ಪೋಸ್ಟ್‌ಮಾಸ್ತರರೇ,

ತಮ್ಮ ಮೇಲೆ ನನ್ನ ದೂರು ಇಷ್ಟೇ. ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಹೊರಟ ಪತ್ರಿಕೆಯ ಕಟ್ಟೊಂದನ್ನು ನನಗೆ ತಲುಪಿಸಿಯೇ ತೀರುತ್ತೇವೆಂದು ತಾವು ಹಟ ಹಿಡಿದಿದ್ದೀರಿ. ಮೇ ತಿಂಗಳ ಕಟ್ಟು ಇನ್ನೂ ಬಂದಿಲ್ಲ. ಅದು ಬರುವ ತನಕ ನನಗೆ ಇದು ಬೇಡ. ಅಂಚೆ ತಡವಾಯಿತೆಂದು ದೇಶವೆಲ್ಲ ಅರ್ಜಿ ಬರೆಯುತ್ತಿರುವಾಗ, ಬೇಗ ಬಂತೆಂದು ಅರ್ಜಿ ಬರೆಯುವ ಮೊದಲ ಪ್ರಜೆ ನಾನೇ ಇರಬೇಕು. ಇಂಗ್ಲಿಷಿನಲ್ಲಿ ಬರೆದವಕ್ಕೆ ತಮ್ಮಿಂದ ಉತ್ತರ ಬರಲಿಲ್ಲ. ಆದ್ದರಿಂದ ಈ ಸಲ ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಮಗೆ ಕನ್ನಡ ಬಾರದೆಂದು ಬಲ್ಲೆ. ಓದದೆ ಇರುವುದಕ್ಕೆ ಈ ಸಲವಾದರೂ ಒಂದು ಮರ್ಯಾದೆಯ ಕಾರಣ ಇರಲಿ.

ಮೈಸೂರಿನವನಾದ ನಾನು ಇಲ್ಲಿ ಅಹಮದಾಬಾದಿನ ಗಿರಣಿಯೊಂದರಲ್ಲಿ ನೂಲು ಪರೀಕ್ಷೆಯ ಕೆಲಸದಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ಹೊಸ ಯಂತ್ರವೊಂದನ್ನು ಕಲಿತು ಬಾ ಎಂದು ಗಿರಣಿಯವರು ನನ್ನನ್ನು ಲ್ಯಾಂಕಶೈರಿನ ಥಾರ್ನ್‌ಡೇಲ್ ಎಂಬ ಊರಿಗೆ ಕಳುಹಿಸಿದರು. ಯಂತ್ರ ಕಲಿತೆ, ಅದು ಇಲ್ಲಿಗೆ ಬರಲೇ ಇಲ್ಲ. ಅದರ ಬದಲು ನನ್ನ ಜೊತೆ ಬಂದದ್ದು ಥಾರ್ನ್‌ಡೇಲ್ ರೋವರ್ಸ್ ಎಂಬ ಫುಟ್‌ಬಾಲ್ ತಂಡ. ನಾನು ಬಾಡಿಗೆಗಿದ್ದದ್ದು ಬಟರ್‌ವರ್ತ್ ಎಂಬ ನಿವೃತ್ತ ನೇಕಾರರ ಮನೆಯಲ್ಲಿ. ಹೆಂಡತಿ ತೀರಿಕೊಂಡಿದ್ದರು, ಮಗಳು ಬೇರೆ ಊರಿನಲ್ಲಿದ್ದಳು. ಮೊದಲ ಶನಿವಾರವೇ ನನ್ನ ಕೊರಳಿಗೆ ಉಣ್ಣೆಯ ಶಾಲೊಂದನ್ನು ಸುತ್ತಿ, ಈ ಸೂರಿನ ಕೆಳಗೆ ಇರುವವರೆಲ್ಲ ರೋವರ್ಸ್‌ನವರೇ ಎಂದು ಮೈದಾನಕ್ಕೆ ಎಳೆದುಕೊಂಡು ಹೋದರು. ಚಳಿಯಲ್ಲಿ ಗಡಗಡ ನಡುಗುತ್ತಾ ನಿಂತು ನೋಡಿದೆ. ರೋವರ್ಸ್ ಹೀನಾಯವಾಗಿ ಸೋತರು. ಮುದುಕರು ನನ್ನ ಬೆನ್ನು ತಟ್ಟಿ, ರೂಢಿ ಮಾಡಿಕೋ ಎಂದರು. ಮಾಡಿಕೊಂಡೆ.

ನಾನು ಹಿಂದಿರುಗಿದ ಮೇಲೆ ಅವರು ಪ್ರತಿ ಭಾನುವಾರ ಹಿಂದಿನ ದಿನದ ಕ್ರೀಡಾ ಪತ್ರಿಕೆಯನ್ನು ಸುರುಳಿ ಸುತ್ತಿ, ಓರೆಯಾದ ದಪ್ಪಕ್ಷರದಲ್ಲಿ ನನ್ನ ವಿಳಾಸ ಬರೆದು, ಟೋಪಿ ಹಾಕಿಕೊಂಡು ಅಂಚೆ ಪೆಟ್ಟಿಗೆಯ ತನಕ ನಡೆದುಹೋಗಿ ಹಾಕಿ ಬರುತ್ತಾರೆ. ಒಳಗೆ ಪೆನ್ಸಿಲ್ಲಿನಲ್ಲಿ ಅವರ ಟೀಕೆ ಇರುತ್ತದೆ. ಗೋಲು ಕಾಯುವವನ ಹೆಸರಿನ ಪಕ್ಕ ‘ಇವನಿಗೆ ಬಾಗಿಲು ಹಾಕುವುದೂ ಬಾರದು’ ಎಂದು ಒಮ್ಮೆ ಬರೆದಿದ್ದರು. ಅಗ್ಗದ ದರದ ಬುಕ್‌ಪೋಸ್ಟಿನಲ್ಲಿ ಕೈಬರಹ ಕೂಡದೆಂದು ಆಗ ತಮ್ಮ ಕೌಂಟರಿನವರು ನನ್ನನ್ನು ಕರೆಸಿ ವಿಚಾರಿಸಿದ್ದರು. ನೆನಪಿರಬೇಕಲ್ಲ?

ಹಡಗಿನ ಅಂಚೆಯಾದ್ದರಿಂದ ರೋವರ್ಸ್ ಅಲ್ಲಿ ಆಡಿದ್ದು ನಮ್ಮ ಮನೆಯಲ್ಲಿ ನಡೆಯುವುದು ಒಂದೂವರೆ ತಿಂಗಳ ನಂತರ. ನೆರೆಮನೆಯ ಅನಂತರಾಮ ಬ್ಯಾಂಕಿನವನು, ಲಂಡನ್ ರೇಡಿಯೋ ಹಾಕಿ ಶನಿವಾರವೇ ಫಲಿತಾಂಶ ಕೇಳಿ ಹೇಳುತ್ತೇನೆಂದ. ಹೇಳಿದರೆ ನಿನ್ನ ಮನೆಯ ಹೊಸಿಲು ತುಳಿಯುವುದಿಲ್ಲ ಎಂದೆ. ರೇಡಿಯೋದಲ್ಲಿ ಬರುವುದು ಬರಿಯ ಅಂಕಿ. ಮುದುಕರು ಬೈದು ಹೇಳಿದರೇ ನನಗದು ಪಂದ್ಯ.

ತಡವನ್ನು ನಾನು ಎಂದೂ ದೂರಿದವನಲ್ಲ. ಕ್ರಮ ತಪ್ಪಿದಾಗ ಮಾತ್ರ ದೂರಿದ್ದೇನೆ. ಒಮ್ಮೆ ಒಂದು ಕಟ್ಟು ಮುಂಬಯಿಯಿಂದ ನೇರ ಬಂತು, ಅದಕ್ಕಿಂತ ಹಿಂದಿನದು ಸೂರತ್ತಿನಲ್ಲಿ ಇಳಿದು ವಿಶ್ರಾಂತಿ ತೆಗೆದುಕೊಂಡಿತು. ಪರಿಣಾಮವಾಗಿ ರೋವರ್ಸ್ ಮೊದಲು ಕಪ್ ಪಂದ್ಯಾವಳಿಯಿಂದ ಸೋತು ಹೊರಬಿದ್ದು, ಆಮೇಲೆ ಅದರ ಹಿಂದಿನ ಸುತ್ತನ್ನು ಗೆದ್ದರು. ನಾನು ಎರಡು ದಿನ ಊಟ ಬಿಟ್ಟು, ಆಮೇಲೆ ಪಾಯಸ ಮಾಡಿಸಿದೆ. ಇಂಥ ಮನುಷ್ಯನನ್ನು ಬೀದಿಯವರು ಹೇಗೆ ನೋಡುತ್ತಾರೆಂದು ತಾವೇ ಊಹಿಸಿ.

ಈಗ ಮುಖ್ಯ ವಿಚಾರ. ಜೂನ್ ಮೊದಲಲ್ಲಿ ಬಂದ ಕಟ್ಟಿನ ಪ್ರಕಾರ ಒಂದೇ ಪಂದ್ಯ ಉಳಿದಿತ್ತು. ಗೆದ್ದರೆ ರೋವರ್ಸ್ ಎರಡನೆಯ ದರ್ಜೆಯಲ್ಲಿ ಉಳಿಯುತ್ತಾರೆ, ಇಲ್ಲವಾದರೆ ಮೂರನೆಯದಕ್ಕೆ ಜಾರುತ್ತಾರೆ. ‘ಈ ವಯಸ್ಸಿನಲ್ಲಿ ಇದನ್ನು ನೋಡಬೇಕೇ’ ಎಂದು ಮುದುಕರು ಬರೆದಿದ್ದರು. ನಾನು ರಾಯರಿಗೆ ಹರಕೆ ಹೊತ್ತೆ. ಅರಿಶಿನ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಮುದುಕರ ಪತ್ರಿಕೆಯಲ್ಲಿ ಫಲಿತಾಂಶವನ್ನು ಕಣ್ಣಾರೆ ಓದುವ ತನಕ ಕಾಫಿ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟೆ. ನನ್ನ ಹೆಂಡತಿ ಪದ್ಮಾವತಿ ಅಡುಗೆಮನೆಯಿಂದ ಹೊರಬಂದಳು.

“ಏನೂಂದ್ರೆ, ಆ ಆಟ ಮುಗಿದು ಎಷ್ಟೋ ದಿನ ಆಗಿರತ್ತೆ. ಆಗಿಹೋಗಿದ್ದಕ್ಕೆ ಈಗ ಹರಕೆ ಹೊತ್ರೆ ರಾಯರು ಏನು ಮಾಡಕ್ಕಾಗತ್ತೆ?”

“ರಾಯರಿಗೆ ಹಿಂದೆ ಮುಂದೆ ಎಲ್ಲಾ ಒಂದೇ ಕಣೇ. ಅಂಚೆಯವರಿಗೆ ಮಾತ್ರ ಗೊತ್ತಾಗಲ್ಲ.”

“ಹಂಗಾದ್ರೆ ಕಾಫಿ ಯಾಕೆ ಬಿಡ್ತೀರಿ? ಬೇಕಾದ್ರೆ ಹಾಗಲಕಾಯಿ ಬಿಡಿ. ಕಾಫಿ ಇಲ್ದೆ ನಿಮ್ಮ ಸಿಡಿಮಿಡಿ ಸಹಿಸೋಳು ನಾನು ತಾನೇ?”

ಅದೇ ವಾರ ಸೂಯೆಜ್ ಕಡೆ ಯುದ್ಧ ಶುರುವಾಗಿ ಕಾಲುವೆ ಮುಚ್ಚಿಹೋಯಿತು. ಕಾಲುವೆಯ ನಡುವೆ ಕೆಲವು ಹಡಗುಗಳು ಸಿಕ್ಕಿಬಿದ್ದಿವೆ ಎಂದು ಪತ್ರಿಕೆಯಲ್ಲಿ ಓದಿದೆ. ರೋವರ್ಸ್‌ನ ಕೊನೆಯ ಪಂದ್ಯ ಅವುಗಳಲ್ಲೊಂದರಲ್ಲೇ ಇದೆ ಎಂದು ನನಗೆ ಖಾತ್ರಿ. ಎರಡು ದೇಶಗಳ ಸೈನ್ಯಗಳು ಆಚೀಚೆ ದಡದಲ್ಲಿ ಕಾವಲು ನಿಂತು ಅದನ್ನು ಕಾಯುತ್ತಿವೆ. ಅಂದಿನಿಂದ ನಾನು ಶುಂಠಿ ಪುದೀನ ಹಾಕಿದ ಇಲ್ಲಿನ ಸಿಹಿ ಚಹಾ ಕುಡಿದುಕೊಂಡು ಮೇ ತಿಂಗಳಲ್ಲೇ ಬದುಕುತ್ತಿದ್ದೇನೆ. ಹೊರಗೆ ನವರಾತ್ರಿಯ ಗರಬಾ ಮುಗಿದು ದೀಪಾವಳಿ ಹತ್ತಿರ ಬಂದಿದೆ.

ಆಗಲೇ ತಮ್ಮ ಇಲಾಖೆಗೆ ಎಂದೂ ಇಲ್ಲದ ಚುರುಕು ಬಂತು. ಬೇಸಿಗೆಯ ಬಿಡುವು ಮುಗಿದು, ಆಗಸ್ಟಿನಲ್ಲಿ ಆಟದ ಹೊಸ ಋತುವಿನ ಮೊದಲ ಪತ್ರಿಕೆ ಹೊರಟು, ಆಫ್ರಿಕಾವನ್ನೆಲ್ಲ ಸುತ್ತಿ, ಸೂರತ್ತಿನಲ್ಲೂ ಇಳಿಯದೆ, ನೇರವಾಗಿ ನವರಂಗಪುರಕ್ಕೆ ಬಂದಿದೆ. ಅದನ್ನು ಬಿಚ್ಚಿದರೆ ಮೊದಲ ಪುಟದಲ್ಲೇ ರೋವರ್ಸ್ ಯಾವ ದರ್ಜೆಯಲ್ಲಿದ್ದಾರೆಂದು ತಿಳಿದುಹೋಗುತ್ತದೆ. ತಮ್ಮ ಪೋಸ್ಟ್‌ಮನ್ ಛಗನ್‌ಭಾಯಿ ಅದನ್ನು ಹಿಡಿದು ದಿನವೂ ಬಂದರು. ನಾನು ದಿನವೂ ಬಾಗಿಲು ತೆರೆದು, ನಾನು ಮನೆಯಲ್ಲಿಲ್ಲ ಎಂದೆ. ಅವರು ನಮ್ಮ ಮಡಕೆಯ ನೀರು ಕುಡಿದು, ನಮ್ಮ ಜಗಲಿಯ ಮೇಲೆ ಕೂತು, ‘ಮನೆಗೆ ಬೀಗ’ ಎಂದು ಬರೆದುಕೊಂಡು ಹೋದರು. ಕೊನೆಗೆ ಅವರಿಗೇ ಬೇಸರ ಬಂತು. “ಸಾಹೇಬ್, ಲೇ ಲೋ ನಾ. ಫುಟ್‌ಬಾಲ್ ಹೀ ತೋ ಹೈ,” ಎಂದರು, ತೆಗೆದುಕೊಳ್ಳಿ, ಬರಿಯ ಫುಟ್‌ಬಾಲ್ ತಾನೇ ಎಂಬಂತೆ. ನಾನು ಅವರ ಮುಖ ನೋಡಲಿಲ್ಲ. ಬುಕ್‌ಪೋಸ್ಟಿನ ಸುರುಳಿ ಎರಡೂ ತುದಿಯಲ್ಲಿ ತೆರೆದಿರಬೇಕೆಂಬುದು ತಮ್ಮದೇ ನಿಯಮ. ತಮ್ಮ ಕಚೇರಿಯಲ್ಲಿ ಯಾರೆಲ್ಲ ಇಣುಕಿ ನೋಡಿದ್ದಾರೋ, ಯಾರ ಮುಖದಲ್ಲಿ ಏನು ಕಾಣುತ್ತದೋ ಎಂದು ನನಗೆ ಹೆದರಿಕೆ.

ತಮ್ಮನ್ನೇ ಕಂಡು ಬೇಡಿಕೊಳ್ಳೋಣವೆಂದು ಕಳೆದ ವಾರ ಬಂದೆ. ತಾವು ಕಟ್ಟನ್ನು ಮೇಜಿನ ಮೇಲಿಟ್ಟು ಹಿಂದಿಯಲ್ಲಿ ಹೇಳಿದ್ದರ ಕನ್ನಡ ಹೀಗೆ: ತೆಗೆದುಕೊಳ್ಳಿ, ಇಲ್ಲವೇ ಬೇಡವೆಂದು ಬರೆದುಕೊಡಿ, ಕಳುಹಿಸಿದವರಿಗೆ ವಾಪಸ್ ಹೋಗುತ್ತದೆ. ಇಟ್ಟುಕೊಳ್ಳಲು ನಿಯಮವಿಲ್ಲ. ಮನೆಗೆ ಒಯ್ದು ಬೀರುವಿನಲ್ಲಿಡಿ ಎಂದೂ ಸೇರಿಸಿದಿರಿ. ತೆರೆದ ತುದಿಯ ಸುರುಳಿಯನ್ನು ಬೀರುವಿನಲ್ಲಿಟ್ಟು ಸುಮ್ಮನಿರುವಷ್ಟು ದೊಡ್ಡ ಮನುಷ್ಯ ನಾನಲ್ಲ ಸ್ವಾಮಿ.

ಆದರೆ ಮೇಜಿನ ಮೇಲೆ ನಾನು ನೋಡಿದ್ದು ಇನ್ನೊಂದಿದೆ. ಅದನ್ನು ಪದ್ಮಾವತಿಗೂ ಹೇಳಿರಲಿಲ್ಲ, ಇಲ್ಲಿ ಓದಿಯೇ ಅವಳಿಗೂ ತಿಳಿಯುತ್ತದೆ. ಸುರುಳಿಯ ಮೇಲಿನ ವಿಳಾಸ ಬಟರ್‌ವರ್ತರ ಕೈಬರಹದಲ್ಲಿ ಇರಲಿಲ್ಲ. ಸಣ್ಣ, ನೆಟ್ಟನೆಯ ಅಕ್ಷರ, ಹೆಂಗಸಿನದೆಂದು ತೋರಿತು. ಕೈ ಉಳುಕಿರಬಹುದು. ಕಣ್ಣು ಮಂಜಾಗಿ ಮಗಳ ಕೈಲಿ ಬರೆಸಿರಬಹುದು. ಜುಲೈಯಲ್ಲಿ, ಅಂಕ ಹೇಳಬೇಡಿ, ಆರೋಗ್ಯ ಮಾತ್ರ ತಿಳಿಸಿ ಎಂದು ವಿಮಾನದ ಅಂಚೆಯಲ್ಲಿ ಬರೆದಿದ್ದೆ. ಉತ್ತರ ಬಂದಿಲ್ಲ. ನನಗೆ ಭಯವಾಗಿದೆ.

ಈಗ ಹೇಳಿ, ನಾನು ಅದನ್ನು ಹೇಗೆ ತೆಗೆದುಕೊಳ್ಳಲಿ? ವಾಪಸಾದರೂ ಹೇಗೆ ಕಳುಹಿಸಲಿ? ಮುದುಕರು ಇದ್ದರೆ, ಬೇಡವೆಂದು ಹಿಂದಿರುಗಿದ ಕಟ್ಟನ್ನು ನೋಡಿ ಅಹಮದಾಬಾದಿನಲ್ಲಿ ನಾನೇ ಹೋಗಿಬಿಟ್ಟೆನೆಂದುಕೊಳ್ಳುತ್ತಾರೆ. ಇಲ್ಲದಿದ್ದರೆ, ಆ ಬಾಗಿಲು ತಟ್ಟಿದಾಗ ತೆರೆಯುವವರು ಯಾರು?

ನಾನು ಕೇಳುವುದು ಒಂದೇ. ಆಗಸ್ಟಿನ ಕಟ್ಟನ್ನು ಕಳೆದುಹಾಕಿ. ಪೂರ್ತಿಯಾಗಿ ಬೇಡ, ತಮಗೆ ರೂಢಿಯಿರುವಷ್ಟು ಮಾತ್ರ. ಯಾವುದಾದರೂ ಚೀಲದ ತಳದಲ್ಲಿ, ಹಳೆಯ ಬೀರುವಿನ ಹಿಂದೆ, ಬೇಕಾದರೆ ಸೂರತ್ತಿನಲ್ಲಿ. ಯುದ್ಧದವರು ರಾಜಿಯಾಗಿ, ಕಾಲುವೆ ತೆರೆದು, ಮೇ ತಿಂಗಳ ಕಟ್ಟು ಬಂದ ಮರುದಿನ ಅದು ಸಿಕ್ಕಿದರೆ ಸಾಕು. ರೋವರ್ಸ್ ಕೆಳಗೆ ಜಾರಿದ್ದರೆ ಜಾರಲಿ, ಮುಂದೆ ಎಂದಾದರೂ ಮೇಲೆ ಬಂದಾರು. ಆದರೆ ಆ ಹಳೆಯ ಕಟ್ಟು ನನ್ನ ಕೈಸೇರುವ ತನಕ ಥಾರ್ನ್‌ಡೇಲಿನಲ್ಲಿ ಭಾನುವಾರವೇ ಇರುತ್ತದೆ, ಟೋಪಿ ಹಾಕಿದ ಮುದುಕರೊಬ್ಬರು ಪತ್ರಿಕೆಯ ಸುರುಳಿ ಹಿಡಿದು ಅಂಚೆ ಪೆಟ್ಟಿಗೆಯ ಕಡೆ ನಡೆಯುತ್ತಿರುತ್ತಾರೆ. ದಯವಿಟ್ಟು ಅವರನ್ನು ಅವಸರಪಡಿಸಬೇಡಿ.

ಇಂತಿ, ಕಾಫಿಯಿಲ್ಲದೆ ಇನ್ನೂ ಮೇ ತಿಂಗಳಲ್ಲೇ ಇರುವ, ಮನೆಯಲ್ಲಿದ್ದೂ ಇಲ್ಲದ,
ಜಯತೀರ್ಥ
ನವರಂಗಪುರ, ಅಹಮದಾಬಾದು
(ಹೊರಗಿನ ಲೆಕ್ಕದಲ್ಲಿ ಅಕ್ಟೋಬರ್, ೧೯೬೭)