ಹೆಸ್ಟರ್‌ಳ ಮತ ಯಾರ ಕೈಯಲ್ಲಿ

ಬೇಕರ್ಸ್ ರೋ, ಆಲ್ಡರ್‌ಕ್ಲಿಫ್
ಮೇ ೪, ಶನಿವಾರ

ಪ್ರೀತಿಯ ಹೆಸ್ಟರ್,

ಮೊನ್ನೆ ಗುರುವಾರ, ನಮ್ಮ ಊರಿನ ಕೌನ್ಸಿಲ್ ಚುನಾವಣೆಯ ದಿನ, ಒಡಹುಟ್ಟಿದ ಅಕ್ಕನನ್ನು ಬಿಟ್ಟು ನೀನು ನಿನ್ನ ಮತವನ್ನು ನನ್ನ ಎದುರಾಳಿ ರೋಸಲಿಂಡ್ ಪೀಕ್ ಕೈಗೆ ಒಪ್ಪಿಸಿದೆ. ಇದು ಅನ್ಯಾಯ. ಮೊದಲು ಹೇಳಿಬಿಟ್ಟೆ, ಈಗ ಸಮಾಧಾನವಾಗಿ ಕುಶಲ ಕೇಳಬಹುದು. ಬೆರ್ಗೆನ್‌ನಲ್ಲಿ ಮಗಳ ಮನೆಯ ಕಡೆ ಚಳಿ ಬಿಟ್ಟಿತೇ? ಫಿಲಿಪಾ ರಾತ್ರಿ ಸ್ವಲ್ಪವಾದರೂ ಕಣ್ಣು ಮುಚ್ಚುತ್ತಾಳೆಯೇ, ಅಥವಾ ಕೂಸು ಬಿಡುವುದಿಲ್ಲವೇ? ಮೊಮ್ಮಗಳಿಗೆ ನಮ್ಮ ಅಪ್ಪನ ಮೂಗು ಬಂದಿದೆ ಎಂದು ಬರೆದಿದ್ದೀಯ. ಪಾಪ, ಬೆಳೆಯುತ್ತಾ ಸರಿಹೋದೀತು. ನಿನ್ನ ಮೊಣಕಾಲು ಜೋಪಾನ. ಅಲ್ಲಿನ ಮೆಟ್ಟಿಲುಗಳ ಮೇಲೆ ಶೌರ್ಯ ತೋರಿಸಬೇಡ.

ನನಗೆ ಹೇಗೆ ತಿಳಿಯಿತೆಂದು ಕೇಳುತ್ತೀಯ. ಮೂರನೇ ಮನೆಯ ಕತ್ಬರ್ಟ್ ಬೆಳಿಗ್ಗೆಯಿಂದ ಮತಗಟ್ಟೆಯಾಗಿದ್ದ ಚರ್ಚ್ ಸಭಾಂಗಣದ ಬಾಗಿಲ ಬಳಿ ಮಡಚುವ ಕುರ್ಚಿ ಹಾಕಿಕೊಂಡು, ನನ್ನ ಪ್ರಚಾರದ ಬಣ್ಣದ ರಿಬ್ಬನ್ ಹೂವನ್ನು ಕೋಟಿಗೆ ಚುಚ್ಚಿಕೊಂಡು, ನಮ್ಮ ಕಡೆಯವರಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡುತ್ತಿದ್ದ. ರೋಸಲಿಂಡ್ ತನ್ನ ಮುದಿ ನಾಯಿಯನ್ನು ಎಳೆದುಕೊಂಡು ಬಂದವಳೇ, 'ಇವತ್ತು ನಂದು ಎರಡು ಓಟು ಕಣಪ್ಪಾ ಕತ್ಬರ್ಟ್. ಒಂದು ನಂದು, ಇನ್ನೊಂದು ಹೆಸ್ಟರ್‌ದು' ಎಂದಳಂತೆ. ಇವನು, 'ನಾಯಿಗೂ ಒಂದು ಕೊಡಿಸ್ಬಿಡಮ್ಮ, ಬಂದಿದ್ದಕ್ಕೆ ಸಾರ್ಥಕ ಆಗ್ಲಿ' ಎಂದನಂತೆ. ಆಮೇಲೆ ನಗು ನಿಲ್ಲಿಸಿ ನನ್ನ ಹತ್ತಿರ ಓಡಿಬಂದ. ಮಧ್ಯಾಹ್ನಕ್ಕೆಂದು ಕೈಯಲ್ಲಿ ಹಿಡಿದಿದ್ದ ಸಾಸೇಜ್ ರೋಲ್ ಅವನಿಗೇ ಕೊಟ್ಟುಬಿಟ್ಟೆ.

ಊರಲ್ಲಿಲ್ಲದವರು ತಮ್ಮ ಪರವಾಗಿ ಮತ ಹಾಕಲು ಒಬ್ಬರನ್ನು ನೇಮಿಸಬಹುದು. ಕಾನೂನಿದೆ, ಒಪ್ಪಿದೆ. ಆ ಒಬ್ಬರು ಅಕ್ಕನ ಎದುರಾಳಿ ಅಭ್ಯರ್ಥಿಯೇ ಆಗಿರಬಾರದೆಂದು ಕಾನೂನು ಹೇಳುವುದಿಲ್ಲ. ಅದನ್ನು ರಕ್ತ ಹೇಳಬೇಕಿತ್ತು. ನನಗೆ ಮರೆವು ಕಡಿಮೆ ಎಂಬುದು ನಿನಗೆ ಗೊತ್ತು. ಶಾಲೆಯ ಈಜುಕೊಳದಲ್ಲಿ ನಿನಗೆ ಈಜು ಕಲಿಸಲು ನಾನು ದಡದಲ್ಲಿ ನಡುಗುತ್ತಾ ನಿಂತಿದ್ದರೆ ನೀನು ಅವಳ ಕೈ ಹಿಡಿದು ನೀರಿಗಿಳಿದೆ. ಮದುವೆಯಲ್ಲಿ ನಿನ್ನ ಪಕ್ಕ ಹೂಗುಚ್ಛ ಹಿಡಿದು ನಿಂತವಳು ಅವಳು. ನಾನು ಎರಡನೇ ಸಾಲಿನಲ್ಲಿ, ದಪ್ಪ ಚಿಕ್ಕಮ್ಮನ ಟೋಪಿಯ ಹಿಂದೆ. ಪ್ರತಿ ಜನವರಿ ನಿನ್ನ ಕಿತ್ತಳೆ ಮಾರ್ಮಲೇಡಿನ ಮೊದಲ ಸೀಸೆ ಅವಳ ಮನೆಗೆ, ತಳ ಹಿಡಿದದ್ದು ನನಗೆ. ಬೆರ್ಗೆನ್‌ಗೆ ಹೊರಟಾಗ ಮನೆಯ ಕೀಲಿಯೂ ಅವಳಿಗೇ. 'ನಿನಗೆ ಚುನಾವಣೆಯ ಓಡಾಟ ಅಲ್ವೇನೇ ಅಕ್ಕಾ' ಎಂದೆ ನೀನು. ಅವಳಿಗೇನು, ಚುನಾವಣೆ ಇರಲಿಲ್ಲವೇ?

ನಿನ್ನೆ ಬೆಳಿಗ್ಗೆ ಪುರಭವನದಲ್ಲಿ ಎಣಿಕೆ ನಡೆಯಿತು. ಎಣಿಸಿದರು, ಮತ್ತೆ ಎಣಿಸಿದರು. ನನಗೂ ರೋಸಲಿಂಡ್‌ಗೂ ಸಮ ಸಮ, ಒಂದು ಮತದ ವ್ಯತ್ಯಾಸವೂ ಇಲ್ಲ. ಹಾಗಾದಾಗ ಚೀಟಿ ಎತ್ತುವುದೇ ನಮ್ಮ ನಿಯಮ. ಚುನಾವಣಾಧಿಕಾರಿ ಗಂಭೀರ ಮುಖ ಮಾಡಿಕೊಂಡು ಖಾಲಿ ಬಿಸ್ಕತ್ತಿನ ಡಬ್ಬಕ್ಕೆ ಎರಡು ಚೀಟಿ ಹಾಕಿ, ಕುಲುಕಿ, ಒಂದನ್ನು ತೆಗೆದರು. ನನ್ನ ಹೆಸರು! ಹೌದು ಹೆಸ್ಟರ್, ನಿನ್ನ ಅಕ್ಕ ಈಗ ಕೌನ್ಸಿಲರ್. ಕತ್ಬರ್ಟ್ ನನ್ನನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿಸಿಕೊಂಡ. ರೋಸಲಿಂಡ್ ಬಂದು ಕೈ ಕುಲುಕಿ, 'ಗೆದ್ದೆ ಬಿಡೇ ಮುರಿಯಲ್. ಕೌನ್ಸಿಲ್ ಮುಚ್ಚಿದ ಊರಿನ ಈಜುಕೊಳ ನೀನು ತೆಗೆಸದೆ ಹೋದ್ರೆ ನೋಡು, ದಿನಾ ಬಂದು ಬಾಗಿಲು ಬಡೀತೀನಿ' ಎಂದಳು. ನನಗೆ ತಡೆಯಲಾಗಲಿಲ್ಲ. 'ಹೆಸ್ಟರ್ ಓಟು ಯಾರಿಗೆ ಹಾಕ್ದೆ?' ಎಂದು ಕೇಳಿಯೇಬಿಟ್ಟೆ. 'ಅವಳು ಹೇಳಿದವರಿಗೆ ಹಾಕ್ದೆ. ಗುರುತು ಹಾಕೋವಾಗ ಪೆನ್ಸಿಲ್ ಸ್ವಲ್ಪ ಭಾರ ಅನ್ನಿಸ್ತು, ಅಷ್ಟೇ' ಎಂದು ನಕ್ಕು ನಾಯಿಯನ್ನು ಕರೆದುಕೊಂಡು ಹೋದಳು. 'ತನಗೇ ಹಾಕ್ಕೊಂಡಿರ್ತಾಳೆ, ಇನ್ನೇನು?' ಎಂದ ಕತ್ಬರ್ಟ್. ನಾನೂ ಹಾಗೇ ಅಂದುಕೊಂಡು ಮನೆಗೆ ಬಂದೆ.

ಫಿಲಿಪಾಗೆ ದೊಡ್ಡಮ್ಮನ ಮುತ್ತು, ಅವಳ ಗಂಡನಿಗೆ ಶುಭಾಶಯ, ಕೂಸಿಗೆ ನಾನು ಹೆಣೆಯುತ್ತಿರುವ ಹಳದಿ ಟೋಪಿ ಮುಂದಿನ ವಾರ ಅಂಚೆಯಲ್ಲಿ.

ನಿನ್ನ ಒಬ್ಬಳೇ ಅಕ್ಕ,
ಮುರಿಯಲ್

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಹೊಳೆಯಿತು, ಮತ್ತೆ ಬಿಚ್ಚಿದೆ. ತನಗೇ ಹಾಕಿಕೊಂಡಿದ್ದರೆ ಪೆನ್ಸಿಲ್ ಯಾಕೆ ಭಾರವಾಗಬೇಕು? ನನಗೆ ಹಾಕೆಂದು ನೀನು ಹೇಳಿದ್ದೆಯಾ? ಯಾರೂ ನೋಡದ ಆ ಮರೆಯಲ್ಲಿ ನಿಂತು ಅವಳು ನಿನ್ನ ಮಾತು ಉಳಿಸಿದಳೇ? ಹಾಗಿದ್ದರೆ ಆ ಒಂದೇ ಮತದಿಂದ ಅವಳು ಗೆಲ್ಲುವ ಕುರ್ಚಿ ಕಳೆದುಕೊಂಡದ್ದು ನಿನಗಾಗಿ. ಅದೇ ನಿನ್ನ ಮತ ನನ್ನ ಕೈಯಲ್ಲಿದ್ದು, ರೋಸಲಿಂಡ್‌ಗೆ ಹಾಕೆಂದು ನೀನು ಹೇಳಿದ್ದರೆ ನಾನೇನು ಮಾಡುತ್ತಿದ್ದೆನೆಂದು ನನಗೆ ಗೊತ್ತು. ನಿನಗೂ ಗೊತ್ತಿತ್ತು, ಅದಕ್ಕೇ ಅವಳನ್ನು ಆರಿಸಿದೆ. ಇದನ್ನು ನುಂಗಿಕೊಂಡು ಆ ಕುರ್ಚಿಯಲ್ಲಿ ನಾನು ಹೇಗೆ ಕೂರಲಿ? ಮೇ ೨೨ಕ್ಕೆ ಕೌನ್ಸಿಲಿನ ಮೊದಲ ಸಭೆ. ಆರಂಭದಲ್ಲಿ ಊರಿನವರು ಎದ್ದು ಮಾತಾಡಬಹುದು. ಅಷ್ಟರಲ್ಲಿ ನೀನು ಬಂದಿರುತ್ತೀಯ. ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕಿವಿಯಲ್ಲಿ ಹೇಳುವ ಉತ್ತರ ನನಗೆ ಬೇಡ. ಮೇಯರ್ ಎದುರು, ರೋಸಲಿಂಡ್ ಎದುರು, ಇಡೀ ಊರಿನ ಎದುರು ಎದ್ದು ನಿಂತು ಹೇಳು: ಯಾರಿಗೆ ಹಾಕೆಂದು ಹೇಳಿದ್ದೆ?