ಗುಡುಗಣ್ಣನನ್ನು ಗೆಲ್ಲಿಸಿದವರು

ಅಪ್ಪಾ,

ನೀವು ತೀರಿಹೋಗಿ ಮೂರು ವರ್ಷವಾದ ಮೇಲೆ ಈ ಕಾಗದ ಯಾಕೆ ಅಂತ ಕೇಳಬೇಡಿ. ಹೊಟ್ಟೆ ಉರಿಯುತ್ತಿದೆ, ಬಿಪಿ ಏರಿತೇನೋ ಅಂತ ಭಯ ಬೇರೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ಇವತ್ತು ಮಧ್ಯಾಹ್ನ ನಮ್ಮ ಹೊಲಿಗೆ ಅಂಗಡಿಯ ಟೀವಿಯಲ್ಲಿ ಹಳೆಯ ಕುಸ್ತಿ ಶೋ ಬರುತ್ತಿತ್ತು. ಯಾವ ಪೈಲ್ವಾನನನ್ನು ಸುಮ್ಮನೆ ಮೆರೆಸಿದರು, ಯಾರಿಗೆ ಹೆಸರು ಸಿಗಲಿಲ್ಲ ಅಂತ ಎಲ್ಲರಿಗೂ ವಾದ. ಅಷ್ಟರಲ್ಲಿ ನೀವೇ ಬಂದಿರಿ, ಕಪ್ಪು ಮುಖವಾಡ ಹಾಕಿಕೊಂಡು. ಆ ಶೋನ ಹೀರೋ ಗುಡುಗಣ್ಣ ನಿಮ್ಮನ್ನು ತಲೆಯ ಮೇಲೆತ್ತಿ ಒಗೆದ.

"ಪೈಲ್ವಾನ ಅಂದ್ರೆ ಇವನು ನೋಡು!" ಅಂದರು ಕಟಿಂಗ್ ಮಾಸ್ಟರ್. "ಆ ಮುಖವಾಡದೋನು ಬರೀ ಹಿಟ್ಟಿನ ಮೂಟೆ. ಬೀಳೋದು ಬಿಟ್ರೆ ಏನು ಬರುತ್ತೆ ಅವನಿಗೆ?"

ಮಿಷಿನ್ ನಿಲ್ಲಿಸಿ ಎದ್ದೆ.

"ನಿಮ್ಮ ಗುಡುಗಣ್ಣನಿಗೆ ಒಂದು ಬಕೆಟ್ ನೀರು ಎತ್ತೋ ದಮ್ಮಿರಲಿಲ್ಲ, ಮಾಸ್ಟ್ರೇ! ಸೊಂಟ ಹೋಗಿತ್ತು. ಅವನ ಹೆಗಲ ಮೇಲೆ ಕೈಯೂರಿ ಈ ಮುಖವಾಡದವರೇ ಮೇಲಕ್ಕೆ ಹಾರ್ತಿದ್ರು. ಸೋಲೋದೇ ಇವರಿಗೆ ಕೊಟ್ಟ ಕೆಲಸ. ಹದಿನಾಲ್ಕು ವರ್ಷ ಸೋತ್ರು, ಎದುರಿನವನ ಒಂದು ಬೆರಳೂ ಮುರೀಲಿಲ್ಲ. ಗುಡುಗಣ್ಣ ಸರಿಯಾಗಿ ಹಿಡೀದೆ ಬೀಳಿಸಿ ಎಷ್ಟು ಜನರ ಮೂಳೆ ಮುರಿದ, ಅದನ್ನ ಹೇಳಿ!"

ಮಾಸ್ಟರ್ ಕತ್ತರಿ ಕೆಳಗಿಟ್ಟರು.

"ಅಬ್ಬಬ್ಬಾ, ಪಕ್ಕದಲ್ಲೇ ನಿಂತು ನೋಡಿದ ಹಾಗೆ ಹೇಳ್ತೀಯಲ್ಲಮ್ಮ! ಯಾರವನು, ನಿಮ್ಮ ಪೈಕಿಯೋನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನನ್ನು ಕರೆದೊಯ್ಯಲು ನೀವು ಕುಂಟಿಕೊಂಡು ಸ್ಕೂಲಿಗೆ ಬಂದ ದಿನ, ಗೇಟಿನ ಹತ್ತಿರ ಹುಡುಗಿಯರು ನಗುತ್ತಾ ನನ್ನನ್ನು ನೋಡಿದ್ದರಲ್ಲ, ಹಾಗೆಯೇ.

"ಇಲ್ಲಪ್ಪ," ಅಂದೆ. "ಟೀವೀಲಿ ನೋಡಿದ್ದೆ, ಅಷ್ಟೇ."